ಯಹೂದಿ ಧರ್ಮವನ್ನು ಯಾರ ಪುಸ್ತಕದಿಂದ ಓದಬೇಕು?



ಈ ಬಾರಿಯ ಬರಹದಲ್ಲಿ ಸ್ವಲ್ಪ ಜಗಳದ ಧ್ವನಿಯಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಜಗಳಕ್ಕೆ ಕಾರಣ ಒಂದು ಪುಸ್ತಕಪಟ್ಟಿ.

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬನ ಪಕ್ಕದ ಮನೆಯವರು ಸಂಪ್ರದಾಯನಿಷ್ಠ ಯಹೂದಿಗಳು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಅವರ ಮನೆಯ ಕಾರು ಕದಲುವುದಿಲ್ಲ. ಅವರ ಮಕ್ಕಳು ಇವನ ಮಕ್ಕಳೊಡನೆ ಸಂತೋಷದಿಂದ ಆಡುತ್ತಾರೆ, ಆದರೆ ಇವರ ಮನೆಯ ಅಡಿಗೆಯನ್ನು ಮುಟ್ಟುವುದಿಲ್ಲ. ಇದನ್ನೆಲ್ಲ ತಿಳಿಯಲು ಏನು ಓದಬೇಕೆಂದು ಅವನು ತನ್ನ ಬಳಗದಲ್ಲಿ ವಿಚಾರಿಸಿದನಂತೆ. ಬಂದ ಸಲಹೆಗಳು ಐದು: ಬೈಬಲಿನ ಹಳೆ ಒಡಂಬಡಿಕೆ, ಷೇಕ್ಸ್‌ಪಿಯರನ ‘ವೆನಿಸ್ಸಿನ ವ್ಯಾಪಾರಿ’, ಆ್ಯನ್ ಫ್ರಾಂಕಳ ದಿನಚರಿ, ಲಿಯಾನ್ ಯೂರಿಸನ ‘ಎಕ್ಸೋಡಸ್’ ಕಾದಂಬರಿ, ಮತ್ತು ಮೊಸಾದ್ ಗೂಢಚಾರರ ಸಾಹಸಗಳನ್ನು ಕುರಿತ ಒಂದು ಪುಸ್ತಕ. ಪಟ್ಟಿಯನ್ನು ನನಗೆ ಕಳುಹಿಸಿ, “ಸರ್, ಸಾಕೇ?” ಎಂದು ಕೇಳಿದ್ದಾನೆ. ಸಲಹೆ ಕೊಟ್ಟವರಲ್ಲಿ ನಮ್ಮ ಬಂಧುಗಳೂ ಇಬ್ಬರಿದ್ದಾರೆ. ಅವರು ಕೋಪಿಸಿಕೊಳ್ಳಬಾರದಾಗಿ ವಿನಂತಿ.

ಸಾಲದು ಎಂಬುದಷ್ಟೇ ಅಲ್ಲ, ಈ ಪಟ್ಟಿ ಹಾದಿ ತಪ್ಪಿಸುವಂಥದು ಎಂಬುದು ನನ್ನ ವಾದ. ಐದನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದರೂ ಆ ಕಾರು ಶನಿವಾರ ಏಕೆ ಕದಲುವುದಿಲ್ಲ ಎಂಬುದು ಗೊತ್ತಾಗುವುದಿಲ್ಲ. ಮೊದಲನೆಯದು ಇನ್ನೊಂದು ಧರ್ಮ ತನ್ನ ಮುನ್ನುಡಿಯಾಗಿ ಜೋಡಿಸಿಕೊಂಡ ಸಂಪುಟ. ಎರಡನೆಯದನ್ನು ಬರೆದವನ ನಾಡಿನಿಂದ ಯಹೂದಿಗಳನ್ನು ಮುನ್ನೂರು ವರ್ಷಗಳ ಹಿಂದೆಯೇ ಹೊರಗಟ್ಟಲಾಗಿತ್ತು. ಮೂರನೆಯದು ಅವರನ್ನು ಬೇಟೆಯಾಡಿದ ಕಾಲದ ಸಾಕ್ಷ್ಯ, ನಾಲ್ಕನೆಯದು ಒಂದು ರಾಷ್ಟ್ರ ಹುಟ್ಟಿದ ಕಥೆ, ಐದನೆಯದು ಪತ್ತೇದಾರಿ. ಒಬ್ಬ ಯಹೂದಿ ಬೆಳಿಗ್ಗೆ ಎದ್ದು ಏನು ಪ್ರಾರ್ಥಿಸುತ್ತಾನೆ, ಯಾವ ಗ್ರಂಥವನ್ನು ತೆರೆದು ಯಾರೊಡನೆ ವಾದಕ್ಕೆ ಕೂರುತ್ತಾನೆ ಎಂಬುದನ್ನು ತಿಳಿಸಲು ಇವುಗಳಲ್ಲಿ ಯಾವುದೂ ಹೊರಟಿಲ್ಲ. ನಮ್ಮ ಧರ್ಮವನ್ನು ತಿಳಿಯಬಯಸಿದ ಪರದೇಶಿಯೊಬ್ಬನ ಕೈಗೆ 1927ರಲ್ಲಿ ಪ್ರಕಟವಾದ ಕ್ಯಾಥರಿನ್ ಮೇಯೋಳ ‘ಮದರ್ ಇಂಡಿಯಾ’ ಪುಸ್ತಕವನ್ನೂ ನಮ್ಮ ಸೈನ್ಯದ ಯುದ್ಧಕಥೆಗಳನ್ನೂ ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಹಳೆ ಒಡಂಬಡಿಕೆಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. “ಅದು ಯಹೂದಿಗಳದೇ ಗ್ರಂಥವಲ್ಲವೇ?” ಎನ್ನುತ್ತೀರಿ. ಹೌದು, ಒಳಗಿರುವ ಪುಸ್ತಕಗಳು ಅವರವೇ. ಆದರೆ ‘ಹಳೆ’ ಎಂಬ ಮಾತು ಅವರದಲ್ಲ. ಹೊಸತೊಂದನ್ನು ಒಪ್ಪಿದವರಿಗೆ ಮಾತ್ರ ಇದು ಹಳತು. ಅವರು ಅದನ್ನು ತನಖ್ ಎನ್ನುತ್ತಾರೆ. ಜೋಡಣೆಯೂ ಬೇರೆ. ಕನ್ನಡ ಬೈಬಲಿನ ಹಳೆ ಒಡಂಬಡಿಕೆಯನ್ನು ತೆರೆದು ನೋಡಿ: ಕೊನೆಯಲ್ಲಿರುವವನು ಪ್ರವಾದಿ ಮಲಾಕಿಯ. ಎಲೀಯನನ್ನು ಕಳುಹಿಸುವೆನೆಂಬ ದೇವರ ಭರವಸೆಯೊಂದಿಗೆ ಸಂಪುಟ ಮುಗಿಯುತ್ತದೆ. ಪುಟ ತಿರುಗಿಸಿದರೆ ಮತ್ತಾಯನ ಸುವಾರ್ತೆ. ತನಖ್ ಮುಗಿಯುವುದಾದರೋ ಪೂರ್ವಕಾಲವೃತ್ತಾಂತದಿಂದ. ಅಲ್ಲಿ ಪರ್ಷಿಯದ ಅರಸ ಕೋರೆಷನು, ಇಂಗ್ಲಿಷಿನವರ ಸೈರಸ್, ಸೆರೆಯಲ್ಲಿದ್ದವರಿಗೆ ಜೆರುಸಲೇಮಿಗೆ ಹಿಂತಿರುಗಲು ಅಪ್ಪಣೆ ಕೊಡುತ್ತಾನೆ. ಅವೇ ಪುಸ್ತಕಗಳು, ಆದರೆ ಒಂದು ಬರಲಿರುವವನಿಗಾಗಿ ಕಾಯುತ್ತ ನಿಲ್ಲುತ್ತದೆ, ಇನ್ನೊಂದು ಊರಿಗೆ ಹಿಂತಿರುಗುವ ದಾರಿಯಲ್ಲಿ ನಿಲ್ಲುತ್ತದೆ. ಜೋಡಣೆಯೊಂದರಿಂದಲೇ ಅರ್ಥ ಹೇಗೆ ತಿರುಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ವೇದಸಂಹಿತೆಯನ್ನಷ್ಟೇ ಓದಿ ಇಂದಿನ ಹಿಂದೂ ಮನೆಯೊಂದರ ದಿನಚರಿಯನ್ನು ಊಹಿಸಲು ಸಾಧ್ಯವೇ? ಹಾಗೆಯೇ ತನಖ್ ಒಂದನ್ನೇ ಓದಿ ಇಂದಿನ ಯಹೂದಿಯನ್ನು ಊಹಿಸಲಾಗದು. ಇಂದಿಗೆ ಸುಮಾರು 1800 ವರ್ಷಗಳ ಹಿಂದೆ ಯೆಹೂದಾ ಹನಾಸಿ ಎಂಬ ಗುರು ಬಾಯಿಪಾಠವಾಗಿ ಬಂದಿದ್ದ ಧರ್ಮನಿರ್ಣಯಗಳನ್ನು ‘ಮಿಷ್ನಾ’ ಎಂಬ ಹೆಸರಿನಲ್ಲಿ ಸಂಕಲಿಸಿದನು. ಆ ಮಿಷ್ನಾದ ಮೇಲೆ ಬ್ಯಾಬಿಲೋನಿಯದ ಪಾಠಶಾಲೆಗಳಲ್ಲಿ ಮೂರು ನಾಲ್ಕು ಶತಮಾನ ನಡೆದ ಚರ್ಚೆಯೇ ‘ತಾಲ್ಮುಡ್’. ಯಹೂದಿಗಳ ನಡೆನುಡಿಗೆ ಆಧಾರವಾಗಿರುವುದು ಈ ಚರ್ಚೆಯ ಕಣ್ಣಿನಿಂದ ಓದಿದ ಧರ್ಮಶಾಸ್ತ್ರ.

ಒಂದು ಉದಾಹರಣೆಯನ್ನು ನಿಧಾನವಾಗಿಯೇ ನೋಡೋಣ. “ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು” ಎಂಬ ನಿಯಮ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿದೆ. ನಮ್ಮ ಭಾಷಣಕಾರರಿಗೆ ಇದು ಬಹು ಪ್ರಿಯವಾದ ಸರಕು. “ಯಹೂದಿಗಳ ಧರ್ಮ ಸೇಡಿನ ಧರ್ಮ, ಆಮೇಲೆ ಬಂದದ್ದು ಕ್ಷಮೆಯ ಧರ್ಮ” ಎಂದು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಮಿಷ್ನಾದ ‘ಬಾವಾ ಕಮ್ಮಾ’ ಎಂಬ ಭಾಗದ ಎಂಟನೆಯ ಅಧ್ಯಾಯವನ್ನು ತೆರೆದರೆ ಬೇರೆಯೇ ಲೋಕ ಕಾಣುತ್ತದೆ. ಒಬ್ಬನ ಕಣ್ಣನ್ನು ಹಾಳುಮಾಡಿದವನು ಐದು ಬಾಬ್ತುಗಳಲ್ಲಿ ಹಣ ತೆರಬೇಕು: ಅಂಗನಷ್ಟಕ್ಕೆ, ಅನುಭವಿಸಿದ ನೋವಿಗೆ, ಔಷಧೋಪಚಾರದ ವೆಚ್ಚಕ್ಕೆ, ದುಡಿಯಲಾಗದೆ ಮನೆಯಲ್ಲಿ ಕುಳಿತ ದಿನಗಳಿಗೆ, ಆದ ಅವಮಾನಕ್ಕೆ. ನೋವಿಗೂ ಅವಮಾನಕ್ಕೂ ಪ್ರತ್ಯೇಕ ಲೆಕ್ಕ ಹಾಕಿದ ಕಾನೂನು ಅದು! ಹಣ ತೆತ್ತರೂ ಮುಗಿಯಲಿಲ್ಲ. ನೊಂದವನ ಬಳಿ ಕ್ಷಮೆ ಕೇಳುವವರೆಗೆ ತಪ್ಪು ತೀರುವುದಿಲ್ಲ. ಕ್ಷಮೆ ಕೇಳಿದಾಗ ಕೊಡದೆ ನೊಂದವನು ಕ್ರೂರಿಯಾಗಲೂ ಬಾರದು ಎಂದು ಅದೇ ಅಧ್ಯಾಯ ಹೇಳುತ್ತದೆ.

ಶ್ಲೋಕ ಸ್ಪಷ್ಟವಾಗಿ ‘ಕಣ್ಣು’ ಎಂದಿರುವಾಗ ಹಣ ಎಲ್ಲಿಂದ ಬಂತು? ತಾಲ್ಮುಡಿನ ಪಂಡಿತರು ಬಿಡದೆ ಹಿಡಿದುಕೊಳ್ಳುವುದು ಇದನ್ನೇ. ಒಬ್ಬ ಕೇಳುತ್ತಾನೆ: ಒಬ್ಬನ ಕಣ್ಣು ದೊಡ್ಡದು, ಇನ್ನೊಬ್ಬನದು ಚಿಕ್ಕದು, ಒಂದರ ಬದಲು ಇನ್ನೊಂದು ಹೇಗೆ ಸಮವಾದೀತು? ಮತ್ತೊಬ್ಬ ಕೇಳುತ್ತಾನೆ: ಕುರುಡನೇ ಒಬ್ಬನ ಕಣ್ಣು ಕಿತ್ತರೆ ಅವನಿಂದ ಯಾವ ಕಣ್ಣನ್ನು ತೆಗೆಯುತ್ತೀರಿ? ಎಲ್ಲರಿಗೂ ಕಾನೂನು ಒಂದೇ ಎಂದಿದೆಯಲ್ಲ! ಒಂದೊಂದು ವಾದ ಬಂದಾಗಲೂ ಅದನ್ನು ಕೆಡವಲು ಇನ್ನೊಬ್ಬ ಸಿದ್ಧನಿರುತ್ತಾನೆ. ಅಕ್ಷರಾರ್ಥದ ಕಡೆ ವಾಲಿದ ಒಬ್ಬ ಗುರುವಿನ ಅಭಿಪ್ರಾಯವನ್ನೂ ಅಳಿಸದೆ ಉಳಿಸಿಕೊಂಡಿದ್ದಾರೆ. ಪೂರ್ವಪಕ್ಷವನ್ನು ಗೌರವದಿಂದ ಮಂಡಿಸಿ ಅನಂತರ ಸಿದ್ಧಾಂತಕ್ಕೆ ಬರುವ ನಮ್ಮ ಮೀಮಾಂಸಕರ ರೀತಿಯನ್ನು ಬಲ್ಲವರಿಗೆ ಇದರ ರುಚಿ ತಟ್ಟನೆ ಹತ್ತುತ್ತದೆ. ‘ಸೇಡಿನ ಧರ್ಮ’ ಎಂದು ಭಾಷಣ ಮಾಡುವ ಮಹನೀಯರು ಈ ಎರಡು ಪುಟಗಳನ್ನಾದರೂ ಓದಿ ವೇದಿಕೆ ಹತ್ತಬೇಕಿತ್ತು.

‘ಫರಿಸಾಯ’ ಎಂಬ ಪದಕ್ಕೂ ಇದೇ ಗತಿಯಾಗಿದೆ. ಸುವಾರ್ತೆಗಳನ್ನು ಮಾತ್ರ ಓದಿದವರಿಗೆ ಅದು ಕಪಟಿ ಎಂಬುದರ ಇನ್ನೊಂದು ಹೆಸರು. ಕಣ್ಣಿನ ಬೆಲೆಯನ್ನು ಕುರಿತು ಇಷ್ಟು ಸೂಕ್ಷ್ಮವಾಗಿ ತರ್ಕಿಸಿದ ಪಂಡಿತರು ಆ ಫರಿಸಾಯರ ಪರಂಪರೆಯವರೇ. ಶೈಲಾಕನ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. 1290ರಲ್ಲಿ ಇಂಗ್ಲೆಂಡಿನಿಂದ ಹೊರದೂಡಲ್ಪಟ್ಟ ಯಹೂದಿಗಳು ಅಲ್ಲಿ ಮತ್ತೆ ಬಹಿರಂಗವಾಗಿ ಬದುಕಲಾದದ್ದು 1656ರಿಂದೀಚೆಗೆ. ನಾಟಕ ಹುಟ್ಟಿದ್ದು ಈ ಎರಡರ ನಡುವೆ. ಅದು ಮಹಾನಾಟಕವೇ ಇರಬಹುದು. ಆದರೆ ಅದರಲ್ಲಿ ಓದಿಗೆ ಸಿಗುವುದು ಇಂಗ್ಲೆಂಡಿನ ಮನಸ್ಸು.

ಹಾಗಾದರೆ ಏನನ್ನು ಓದಬೇಕು? ಪಕ್ಕದ ಮನೆಯ ಕಾರಿನಿಂದಲೇ ಆರಂಭಿಸೋಣ. ಹಯೀಮ್ ಹಲೇವಿ ಡೊನಿನ್ ಎಂಬ ರಬ್ಬಿ 1972ರಲ್ಲಿ ಬರೆದ ‘ಟು ಬಿ ಎ ಜ್ಯೂ’ ಒಂದು ಸರಳವಾದ ಕೈಪಿಡಿ. ಊಟದ ನಿಯಮ, ಪ್ರಾರ್ಥನೆ, ಹಬ್ಬ, ಮದುವೆ, ಸೂತಕ ಎಲ್ಲವೂ ಅದರಲ್ಲಿದೆ. ಸಬ್ಬತ್ ದಿನ ಮಾಡಬಾರದ ಕೆಲಸಗಳನ್ನು ಮಿಷ್ನಾ 39 ವರ್ಗಗಳಾಗಿ ಎಣಿಸುತ್ತದೆ: ಉಳುವುದು, ಬಿತ್ತುವುದು, ನೇಯುವುದು, ಎರಡಕ್ಷರ ಬರೆಯುವುದು, ಬೆಂಕಿ ಹೊತ್ತಿಸುವುದು, ಹೀಗೆ. ಕಾರಿನ ಎಂಜಿನ್ ಚಾಲೂ ಮಾಡಿದರೆ ಒಳಗೆ ಇಂಧನ ಉರಿಯುತ್ತದೆ. ಆದ್ದರಿಂದ ಅದು ಬೆಂಕಿ ಹೊತ್ತಿಸಿದಂತೆ. ಆಯಾಸ ಇಲ್ಲಿ ಅಳತೆಗೋಲೇ ಅಲ್ಲ. ಪಾಠಶಾಲೆಗೆ ಎರಡು ಮೈಲಿ ನಡೆದುಹೋಗಬಹುದು, ಕಾರಿನ ಕೀಲಿ ತಿರುಗಿಸಬಾರದು. ಜಗತ್ತಿನ ಮೇಲೆ ಕೈಮಾಡಿ ಅದನ್ನು ಬದಲಿಸುವ ಹಕ್ಕನ್ನು ವಾರಕ್ಕೊಂದು ದಿನ ಮನುಷ್ಯ ಬಿಟ್ಟುಕೊಡುತ್ತಾನೆ ಎಂದು ಆ ಸಂಪ್ರದಾಯದವರೇ ಇದನ್ನು ವಿವರಿಸುತ್ತಾರೆ.

ಡೊನಿನ್ ಅವರ ಪುಸ್ತಕ ‘ಹೇಗೆ’ ಎಂಬುದನ್ನು ತಿಳಿಸಿದರೆ, ಅಬ್ರಹಾಂ ಜೋಷುವಾ ಹೆಷೆಲರ ‘ದಿ ಸ್ಯಾಬತ್’ (1951) ‘ಏಕೆ’ ಎಂಬುದನ್ನು ತಿಳಿಸುತ್ತದೆ. ಪುಟ್ಟ ಪುಸ್ತಕ, ಒಂದು ಸಂಜೆಯಲ್ಲಿ ಓದಬಹುದು. ವಾರ್ಸಾದಲ್ಲಿ ಹುಟ್ಟಿ, ನಾತ್ಸಿಗಳಿಂದ ತಾಯಿಯನ್ನೂ ಸೋದರಿಯರನ್ನೂ ಕಳೆದುಕೊಂಡು, ಅಮೆರಿಕಕ್ಕೆ ಬಂದು ನೆಲೆಸಿ, 1965ರಲ್ಲಿ ಸೆಲ್ಮಾದಲ್ಲಿ ಮಾರ್ಟಿನ್ ಲೂಥರ್ ಕಿಂಗರೊಡನೆ ಹೆಜ್ಜೆ ಹಾಕಿದವರು ಹೆಷೆಲ್. ದೇಗುಲ ಕಟ್ಟಲು ಜಾಗವಿಲ್ಲದ ಜನ ಕಾಲದಲ್ಲಿ ದೇಗುಲ ಕಟ್ಟಿಕೊಂಡರು ಎಂಬುದು ಸ್ಥೂಲವಾಗಿ ಅವರ ವಿಚಾರ. ಇಂಥ ಪುಸ್ತಕ ಐದು ಹೆಸರಿನ ಪಟ್ಟಿಯಲ್ಲಿಲ್ಲ, ಗೂಢಚಾರರ ಪುಸ್ತಕ ಇದೆ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಅನಂತರ ತಾಲ್ಮುಡಿನ ಬಾಗಿಲು. ನೇರವಾಗಿ ಒಳಗೆ ನುಗ್ಗಿದರೆ ದಿಕ್ಕು ತಪ್ಪುತ್ತದೆ. ಆ ಪುಟವನ್ನು ಒಮ್ಮೆ ಚಿತ್ರದಲ್ಲಾದರೂ ನೋಡಿ. ನಡುವೆ ಮೂಲಪಾಠ, ಒಂದು ಪಕ್ಕ ಫ್ರಾನ್ಸಿನ ಟ್ರ್ವಾ ಪಟ್ಟಣದ ರಾಶಿಯ (1040–1105) ಭಾಷ್ಯ, ಇನ್ನೊಂದು ಪಕ್ಕ ಅವನ ಮೊಮ್ಮಕ್ಕಳೂ ಅವರ ಶಿಷ್ಯಪರಂಪರೆಯೂ ಎತ್ತಿದ ಆಕ್ಷೇಪಗಳು. ಅಜ್ಜನ ಮಾತನ್ನು ಮೊಮ್ಮಗ ಅದೇ ಪುಟದಲ್ಲಿ ಖಂಡಿಸುತ್ತಾನೆ, ಅಜ್ಜನ ಗೌರವಕ್ಕೆ ಏನೂ ಕುಂದಿಲ್ಲ. ಪ್ಯಾರಿಸಿನಲ್ಲಿ 1242ರಲ್ಲಿ ಬಂಡಿಗಟ್ಟಲೆ ತಂದು ಸುಟ್ಟದ್ದು ಇದೇ ಗ್ರಂಥವನ್ನು. ಒಳಗೆ ಕೈಹಿಡಿದು ನಡೆಸಲು ಜೆರುಸಲೇಮಿನ ಆದಿನ್ ಸ್ಟೈನ್‌ಸಾಲ್ಟ್ಸ್ ಬರೆದ ‘ದಿ ಎಸೆನ್ಷಿಯಲ್ ತಾಲ್ಮುಡ್’ ಇದೆ. ಇವರು 1965ರಿಂದ 2010ರವರೆಗೆ, ನಲವತ್ತೈದು ವರ್ಷ ಕುಳಿತು ಇಡೀ ತಾಲ್ಮುಡಿಗೆ ಆಧುನಿಕ ಹೀಬ್ರೂವಿನಲ್ಲಿ ವ್ಯಾಖ್ಯಾನ ಬರೆದು, 2020ರಲ್ಲಿ ತೀರಿಕೊಂಡರು. ಬ್ಯಾರಿ ಹೋಲ್ಟ್ಸ್ ಸಂಪಾದಿಸಿದ ‘ಬ್ಯಾಕ್ ಟು ದ ಸೋರ್ಸಸ್’ (1984) ಇನ್ನಷ್ಟು ಶಾಲಾಮೇಷ್ಟರ ರೀತಿಯದು. ಬೈಬಲಿನಿಂದ ಪ್ರಾರ್ಥನಾಪುಸ್ತಕದವರೆಗೆ ಪ್ರತಿಯೊಂದು ಬಗೆಯ ಗ್ರಂಥದಿಂದಲೂ ತುಣುಕು ಕೊಟ್ಟು ಓದಿಸುತ್ತದೆ. ಅಂಥದನ್ನು ಮೆಚ್ಚುವುದು ನನ್ನ ವೃತ್ತಿದೋಷ.

ಓದಿದರೆ ಪೂರ್ತಿ ಓದಿ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ‘ಬಾವಾ ಮೆತ್ಸೀಯಾ’ ಭಾಗದಲ್ಲಿ ಒಂದು ಒಲೆಯ ಕಥೆಯಿದೆ. ಆ ಒಲೆ ಮೈಲಿಗೆಯಾಗುತ್ತದೆಯೋ ಇಲ್ಲವೋ ಎಂಬ ವಾದದಲ್ಲಿ ರಬ್ಬಿ ಎಲಿಯೇಜರ್ ಒಬ್ಬನೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಅವನ ಮಾತು ಸರಿಯೆಂದು ಸಾರಲು ಮರ ಬೇರು ಕಿತ್ತು ಸರಿಯುತ್ತದೆ, ತೊರೆ ಹಿಂದಕ್ಕೆ ಹರಿಯುತ್ತದೆ, ಪಾಠಶಾಲೆಯ ಗೋಡೆಗಳು ಬಾಗುತ್ತವೆ, ಕಡೆಗೆ ಅಶರೀರವಾಣಿಯೇ ಅವನ ಪರ ನುಡಿಯುತ್ತದೆ. ರಬ್ಬಿ ಯೆಹೋಶುವ ಎದ್ದು ನಿಂತು, ಧರ್ಮಶಾಸ್ತ್ರ ಈಗ ಸ್ವರ್ಗದಲ್ಲಿಲ್ಲ, ನಮ್ಮ ಕೈಯಲ್ಲಿದೆ, ಬಹುಮತದಂತೆ ತೀರ್ಮಾನವಾಗಲಿ ಎನ್ನುತ್ತಾನೆ. ಮಕ್ಕಳು ತನ್ನನ್ನು ಸೋಲಿಸಿದರೆಂದು ದೇವರು ನಕ್ಕನಂತೆ. ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಪುಟ ಅಲ್ಲಿಗೆ ಮುಗಿಯುವುದಿಲ್ಲ. ಗೆದ್ದವರು ಎಲಿಯೇಜರನಿಗೆ ಬಹಿಷ್ಕಾರ ಹಾಕುತ್ತಾರೆ. ಅವನ ಕಣ್ಣೀರಿಗೆ ಬೆಳೆ ನಾಶವಾಗುತ್ತದೆ. ಅವನು ಬೋರಲು ಬಿದ್ದು ಮೊರೆಯಿಟ್ಟರೆ ತನ್ನ ಅಣ್ಣ, ಸಭೆಯ ಮುಖ್ಯಸ್ಥ ಗಮ್ಲಿಯೇಲ್, ಸಾಯುತ್ತಾನೆಂದು ಅವನ ಹೆಂಡತಿ ಇಮ್ಮಾ ಶಾಲೋಮ್ ದಿನವೂ ತಡೆಯುತ್ತಾಳೆ. ಒಂದು ದಿನ ಕಣ್ಣು ತಪ್ಪುತ್ತದೆ, ಅಣ್ಣ ಸಾಯುತ್ತಾನೆ. ಈ ಕಥೆ ಬರುವುದು ಮಾತಿನಿಂದ ಮಾಡುವ ಹಿಂಸೆಯನ್ನು ಕುರಿತ ಚರ್ಚೆಯ ನಡುವೆ. ಪಶ್ಚಾತ್ತಾಪಪಟ್ಟವನಿಗೆ ಅವನ ಹಳೆಯದನ್ನು ನೆನಪಿಸಬಾರದು, ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನನ್ನು ಬೆಲೆ ಕೇಳಿ ಆಸೆ ಹುಟ್ಟಿಸಬಾರದು ಎಂಬಂಥ ಮಾತುಗಳ ಪಕ್ಕದಲ್ಲಿ. ವಾದದಲ್ಲಿ ಗೆದ್ದವರು ಸೋತವನನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಬಿಟ್ಟು, ಗೆದ್ದ ತಮಾಷೆಯನ್ನಷ್ಟೇ ಹೇಳಿದರೆ ಆ ಪುಟಕ್ಕೆ ಮಾಡಿದ ಅನ್ಯಾಯವಾಗುತ್ತದೆ.

ಚಿಂತಕರಲ್ಲಿ ಮೈಮೋನಿದೀಸ್ (ನಿಧನ 1204) ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಈಜಿಪ್ಟಿನಲ್ಲಿ ವೈದ್ಯರಾಗಿದ್ದರು. ಅವರ ತತ್ವಗ್ರಂಥ ಕಠಿಣ. ‘ಮಿಷ್ನೆ ತೋರಾ’ದಲ್ಲಿ ದಾನದ ಎಂಟು ಮೆಟ್ಟಿಲುಗಳನ್ನು ವಿವರಿಸುವ ಭಾಗವನ್ನಾದರೂ ಓದಿ. ಕೆಳಗಿನ ಮೆಟ್ಟಿಲು ಒಲ್ಲದ ಮನಸ್ಸಿನಿಂದ ಕೊಡುವುದು. ಮೇಲಿನದು ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು, ಬೇಡುವ ಪ್ರಸಂಗವೇ ಬರದಂತೆ ಮಾಡುವುದು. ಹೊಸಬರಲ್ಲಿ ಸೊಲೊವೈಚಿಕ್ ಅವರ ‘ದಿ ಲೋನ್ಲಿ ಮ್ಯಾನ್ ಆಫ್ ಫೇತ್’ (1965) ಇದೆ. ಮಾರ್ಟಿನ್ ಬೂಬರರ ಹಸೀದೀ ಕಥೆಗಳನ್ನು ನಮ್ಮಲ್ಲಿ ಕೆಲವರು ಬಹಳ ಹೊಗಳುತ್ತಾರೆ. ಸೊಗಸಾದ ಕಥೆಗಳು, ನಿಜ. ಆದರೆ ಬೂಬರರು ಆ ಭಕ್ತರ ನಿತ್ಯದ ಆಚಾರವನ್ನು ಬದಿಗಿರಿಸಿ ಭಾವವನ್ನಷ್ಟೇ ಸೋಸಿ ಕೊಟ್ಟರು ಎಂದು ಗೆರ್ಷೋಮ್ ಷೋಲೆಮ್ ಮಾಡಿದ ಟೀಕೆಯನ್ನು ಮರೆಯಬಾರದು. ಅವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

ಹೊಗಳುವ ಪುಸ್ತಕಗಳನ್ನೇ ಓದಿ ಎಂದು ನಾನು ಹೇಳುತ್ತಿಲ್ಲ. ಗಂಡ ವಿಚ್ಛೇದನ ಪತ್ರ ಕೊಡದಿದ್ದರೆ ಹೆಂಡತಿ ಮರುಮದುವೆಯಾಗದೆ ಕಟ್ಟಿಹಾಕಿದಂತೆ ಉಳಿಯುವ ಸ್ಥಿತಿ ಆ ಕಾನೂನಿನಲ್ಲಿ ಇಂದಿಗೂ ಇದೆ. ‘ಅಗುನಾ’ ಎಂದು ಅವಳನ್ನು ಕರೆಯುತ್ತಾರೆ. ಸಂಪ್ರದಾಯದ ಒಳಗೇ ನಿಂತು ಇಂಥವನ್ನು ಪ್ರಶ್ನಿಸಿದ ಬ್ಲೂ ಗ್ರೀನ್‌ಬರ್ಗ್ ಅವರ ‘ಆನ್ ವಿಮೆನ್ ಅಂಡ್ ಜುದಾಯಿಸಂ’ (1981) ಓದಬೇಕಾದ ಪುಸ್ತಕ. ಸ್ಪಿನೋಜನನ್ನು 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿಗಳೇ ಹೊರಹಾಕಿದ್ದೂ ಈ ಇತಿಹಾಸದ ಭಾಗವೇ. ಮನೆಯೊಳಗಿನ ಜಗಳವನ್ನು ಮನೆಯವರ ಬಾಯಿಂದ ಕೇಳಿದರೆ ತಿಳಿಯುತ್ತದೆ. ಬೀದಿಯಲ್ಲಿ ನಿಂತು ಕಲ್ಲೆಸೆಯುವವರಿಂದ ತಿಳಿಯುವುದಿಲ್ಲ.

“ಹಾಗಾದರೆ ಆ್ಯನ್ ಫ್ರಾಂಕ್ ಬೇಡವೇ?” ಎಂದು ನಮ್ಮ ಬಂಧುಗಳು ಕೇಳಿಯೇ ಕೇಳುತ್ತಾರೆ. ಬೇಕು, ಖಂಡಿತ ಬೇಕು. ಆದರೆ ಮೊದಲಲ್ಲ. ಪೋಲೆಂಡಿನ ರಬ್ಬಿ ಮೆಯಿರ್ ಷಪೀರೋ 1923ರಲ್ಲಿ ಒಂದು ಸಲಹೆ ಮುಂದಿಟ್ಟರು: ಲೋಕದ ಯಹೂದಿಗಳೆಲ್ಲರೂ ದಿನಕ್ಕೊಂದರಂತೆ ತಾಲ್ಮುಡಿನ ಒಂದೇ ಹಾಳೆಯನ್ನು ಓದಲಿ. ಒಟ್ಟು 2711 ಹಾಳೆಗಳು, ಸುಮಾರು ಏಳೂವರೆ ವರ್ಷ. ಅವರೇ 1930ರಲ್ಲಿ ಲುಬ್ಲಿನ್ ನಗರದಲ್ಲಿ ಭವ್ಯವಾದ ಪಾಠಶಾಲೆಯನ್ನು ತೆರೆದರು. 1939ರಲ್ಲಿ ನಾತ್ಸಿಗಳು ಬಂದರು, ಪಾಠಶಾಲೆ ಮುಚ್ಚಿತು. ಪೋಲೆಂಡಿನ ಸುಮಾರು ಮೂವತ್ತು ಲಕ್ಷ ಯಹೂದಿಗಳು ಕೊಲ್ಲಲ್ಪಟ್ಟರು. ಆ ಪಾಠಶಾಲೆಯಲ್ಲಿ ಏನನ್ನು ಓದುತ್ತಿದ್ದರು ಎಂದು ತಿಳಿದವನಿಗೆ ಮಾತ್ರ ಅಲ್ಲಿ ನಾಶವಾದದ್ದು ಏನು ಎಂಬುದರ ಅಂದಾಜು ಸಿಕ್ಕೀತು. ಕೊಂದವರ ಕಡತದಲ್ಲಿ ಅವರಿಗಿದ್ದದ್ದು ಒಂದು ಸಂಖ್ಯೆ. ಅವರ ಬದುಕನ್ನು ಓದದೆ ಸಾವನ್ನಷ್ಟೇ ಓದಿದರೆ ನಮಗೂ ಅವರು ಸಂಖ್ಯೆಯಾಗಿಯೇ ಉಳಿಯುತ್ತಾರೆ. ಹಾಳೆಯ ಓದು ನಿಲ್ಲಲಿಲ್ಲ. 2020ರ ಜನವರಿಯಲ್ಲಿ ಹದಿನಾಲ್ಕನೆಯ ಸುತ್ತು ಆರಂಭವಾಯಿತು. ಆ ತಿಂಗಳು ಜೆರುಸಲೇಮಿನಲ್ಲಿ ಹಿಂದಿನ ಸುತ್ತಿನ ಸಮಾಪ್ತಿಯನ್ನು ಸಾವಿರಾರು ಹೆಂಗಸರು ಸೇರಿ ಆಚರಿಸಿದರು. ಷಪೀರೋ ಅವರ ಕಾಲದಲ್ಲಿ ಊಹಿಸಲೂ ಆಗದಿದ್ದ ಸಂಗತಿ.

ಇಸ್ರೇಲ್ ರಾಷ್ಟ್ರದ ರಾಜಕೀಯ ಬೇರೆ ವಿಷಯ, ಅದಕ್ಕೆ ಬೇರೆ ಪುಸ್ತಕಗಳಿವೆ. ಅದನ್ನು ಹೊಗಳುವುದರಿಂದಾಗಲಿ ತೆಗಳುವುದರಿಂದಾಗಲಿ ಒಂದು ಧರ್ಮ ತಿಳಿಯುವುದಿಲ್ಲ. ಆ ರಾಷ್ಟ್ರವನ್ನು ಕುರಿತು ಧರ್ಮನಿಷ್ಠ ಯಹೂದಿಗಳಲ್ಲೇ ಒಮ್ಮತವಿಲ್ಲ. ಇನ್ನೊಂದು ಕಡೆ, “ಎಲ್ಲ ಧರ್ಮಗಳೂ ಒಂದೇ, ಅವರ ಸಬ್ಬತ್ ನಮ್ಮ ಏಕಾದಶಿಯ ಹಾಗೆ” ಎನ್ನುವ ಉದಾರಿಗಳಿದ್ದಾರೆ. ಸಬ್ಬತ್ ದಿನ ಉಪವಾಸ ಮಾಡುವುದಿಲ್ಲ, ಮೂರು ಹೊತ್ತು ಚೆನ್ನಾಗಿ ಊಟ ಮಾಡಬೇಕೆಂಬುದೇ ವಿಧಿ! ನಾನೂ ಮೀಮಾಂಸೆಯ ಹೋಲಿಕೆ ಕೊಟ್ಟೆನಲ್ಲ ಎನ್ನಬಹುದು. ಹೋಲಿಕೆ ಹೊಸ್ತಿಲವರೆಗೆ ಕರೆದೊಯ್ಯಲಿ, ಒಳಗಿರುವುದನ್ನು ಅದು ಇದ್ದಂತೆಯೇ ನೋಡೋಣ.

“ಕನ್ನಡದವರಿಗೆ ಇದೆಲ್ಲ ಯಾಕೆ ಸ್ವಾಮಿ?” ಎಂದೂ ಒಬ್ಬರು ಕೇಳಿದ್ದಾರೆ. ಅವರಿಗೆ ಮಂಗಳೂರಿನ ಒಂದು ಸಂಗತಿಯನ್ನು ಹೇಳಬೇಕು. ಟ್ಯುನೀಸಿಯದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರ ಹೊತ್ತಿನಿಂದ 1149ರವರೆಗೆ ಮಲಬಾರ್ ಕರಾವಳಿಯಲ್ಲಿ, ಬಹುಪಾಲು ಮಂಗಳೂರಿನಲ್ಲಿಯೇ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಪಂಡಿತ, ಕವಿ, ಅಕ್ಷರ ಮುದ್ದಾಗಿ ಬರೆಯುವವನು. ಏಡನ್ನಿನ ಗೆಳೆಯರು ಅವನಿಗೆ ಕಾಗದ ಕಳುಹಿಸುತ್ತಿದ್ದರು. ಅಶು ಎಂಬ ಈ ನಾಡಿನ ದಾಸಿಯನ್ನು ಅವನು 1132ರಲ್ಲಿ ವಿಧ್ಯುಕ್ತವಾದ ಪತ್ರ ಬರೆದು ಬಿಡುಗಡೆ ಮಾಡಿದ. ಯಹೂದಿ ಕಾನೂನಿನಂತೆ ಹಾಗೆ ಬಿಡುಗಡೆಯಾದವಳು ಯಹೂದಿ ಸಮುದಾಯಕ್ಕೇ ಸೇರುತ್ತಾಳೆ. ಇದೆಲ್ಲ ನಮಗೆ ಹೇಗೆ ಗೊತ್ತಾಯಿತು? ದೇವರ ಹೆಸರಿರಬಹುದಾದ ಕಾಗದವನ್ನು ಕಸಕ್ಕೆ ಎಸೆಯಬಾರದೆಂಬ ಆಚಾರದಿಂದ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಇಂಥ ಕಾಗದಗಳನ್ನು ತುಂಬಿಡುವ ಒಂದು ಕೋಣೆಯಿತ್ತು, ಅದಕ್ಕೆ ‘ಗೆನೀಜಾ’ ಎಂದು ಹೆಸರು. 1896–97ರಲ್ಲಿ ಸಾಲಮನ್ ಷೆಕ್ಟರ್ ಅಲ್ಲಿಂದ ಲಕ್ಷಕ್ಕೂ ಮಿಕ್ಕಿದ ತುಣುಕುಗಳನ್ನು ಕೇಂಬ್ರಿಜಿಗೆ ಸಾಗಿಸಿದರು. ಮೈಮೋನಿದೀಸರ ಸ್ವಂತ ಕೈಬರಹವೂ ಆ ರಾಶಿಯಲ್ಲೇ ಸಿಕ್ಕಿತು. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ (1992) ಈ ಕಥೆಯನ್ನು ಸೊಗಸಾಗಿ ಹೇಳುತ್ತದೆ. ಪತ್ರಗಳನ್ನೇ ಓದಬಯಸುವವರಿಗೆ ಗೊಯಿಟೈನ್ ಮತ್ತು ಫ್ರೀಡ್‌ಮನ್ ಅವರ ‘ಇಂಡಿಯಾ ಟ್ರೇಡರ್ಸ್ ಆಫ್ ದ ಮಿಡಲ್ ಏಜಸ್’ (2008) ಎಂಬ ಹೆಬ್ಬೊತ್ತಿಗೆಯಿದೆ.

ಪುಸ್ತಕ ಕೊಳ್ಳಲು ದುಬಾರಿಯಾದರೆ ಸೆಫಾರಿಯಾ ಎಂಬ ಅಂತರಜಾಲ ತಾಣದಲ್ಲಿ ತನಖ್, ಮಿಷ್ನಾ, ಸ್ಟೈನ್‌ಸಾಲ್ಟ್ಸರ ವ್ಯಾಖ್ಯಾನಸಹಿತವಾದ ತಾಲ್ಮುಡ್ ಎಲ್ಲವೂ ಇಂಗ್ಲಿಷಿನಲ್ಲಿ ಉಚಿತವಾಗಿ ದೊರೆಯುತ್ತವೆ. ಬಾವಾ ಕಮ್ಮಾದಲ್ಲಿ ಕಣ್ಣಿನ ಚರ್ಚೆ 83ನೆಯ ಹಾಳೆಯ ಹಿಂಬದಿಯಲ್ಲಿ ಆರಂಭವಾಗುತ್ತದೆ, ಒಲೆಯ ಕಥೆ ಬಾವಾ ಮೆತ್ಸೀಯಾದ 59ನೆಯ ಹಾಳೆಯ ಹಿಂಬದಿಯಲ್ಲಿದೆ. ಓದಿದವರು ಬರೆಯಿರಿ, ಒಪ್ಪದವರು ಮೊದಲು ಬರೆಯಿರಿ.